ಜಗತ್ಪ್ರಾಣದ ಪೂರ್ವಚರಿತ್ರೆ

ಅಮರಕೋಶವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದವರು ನಮ್ಮ ವಾಚಕರಲ್ಲಿ ಕೆಲವರಾದರೂ ಇರಬಹುದು. ಅದರಲ್ಲಿ ಗಾಳಿಗೆ ಹೇಳಿರುವ ಹೆಸರುಗಳು ಅನೇಕ. ಎಂದಿಗೂ ನಿಲ್ಲದೆ ಚಲಿಸುವುದರಿಂದ ಅದು ಸದಾಗತಿ. ಕೊಳೆಯನ್ನು ಕಳೆಯುವುದರಿಂದ ಪವನ. ಲೋಕದ ಪ್ರಾಣಿಗಳೆಲ್ಲಕ್ಕೂ ಉಸಿರಾಗಿರುವುದರಿಂದ ಜಗತ್ಪ್ರಾಣ. ಮೊದಲಿನ ಎರಡು ಹೆಸರುಗಳು ಗಾಳಿಗೆ ಎಂದೆಂದಿಗೂ ಸಲ್ಲತಕ್ಕುವು. ಮೂರನೆಯ ಹೆಸರಾದರೋ ಹಾಗಲ್ಲ. ಭೂಮಿಯ ಆಯುಸ್ಸಿನ ಮೊದಲ ಅರ್ಧಭಾಗದಲ್ಲಿ ಗಾಳಿಯು ಬೀಸುತ್ತಿದ್ದಿತು, ಮೋಡಗಳನ್ನು ಒಯ್ಯುತ್ತಿದ್ದಿತು, ಸಮುದ್ರದಲ್ಲಿ ಅಲೆಗಳನ್ನೆಬ್ಬಿಸುತ್ತಿದ್ದಿತು; ಆದರೆ ಅದರಲ್ಲಿ ಒಂದು ಹಣತೆಯೂ ಉರಿಯುತ್ತಿರಲಿಲ್ಲ, ಒಂದು ಇರುವೆಯೂ ಬದುಕುತ್ತಿರಲಿಲ್ಲ. ಗಾಳಿಗೆ ಜಗತ್ಪ್ರಾಣವೆಂಬ ಹೆಸರು ಹೇಗೆ ಸಾರ್ಥಕವಾಯಿತೆಂಬುದನ್ನು ಈ ಲೇಖನದಲ್ಲಿ ಬರೆಯಬೇಕೆಂದಿದ್ದೇವೆ.

ಮೊದಲು ಈಗಿನ ಗಾಳಿಯಲ್ಲಿ ಏನೇನಿದೆಯೆಂಬುದನ್ನು ನೋಡುವ. ತೇವವಿಲ್ಲದ ಗಾಳಿಯ ನೂರು ಪಾಲಿನಲ್ಲಿ ೭೮ ಪಾಲು ಸಾರಜನಕ, ೨೧ ಪಾಲು ಆಮ್ಲಜನಕ. ಉಳಿದ ಒಂದು ಪಾಲಿನಲ್ಲಿ ಬಹುಭಾಗ ಆರ್ಗಾನ್ ಎಂಬ ಸೋಮಾರಿ ಅನಿಲ. ಅದು ಯಾವುದರೊಡನೆಯೂ ಬೆರೆಯದು, ಯಾರಿಗೂ ಉಪಕಾರವನ್ನಾಗಲಿ ಅಪಕಾರವನ್ನಾಗಲಿ ಮಾಡದು. ಇಂಗಾಲಾಮ್ಲವಾಯುವು ಹತ್ತು ಸಾವಿರ ಪಾಲಿನಲ್ಲಿ ನಾಲ್ಕು ಪಾಲು ಮಾತ್ರ. ಇದನ್ನೇ ಈಗಿನ ಪುಸ್ತಕಗಳಲ್ಲಿ ಇಂಗಾಲದ ಡೈಆಕ್ಸೈಡ್ ಎಂದು ಬರೆಯುತ್ತಾರೆ. ನಾವು ಹಳೆಯ ಹೆಸರನ್ನೇ ಇಟ್ಟುಕೊಳ್ಳುವೆವು. ಗಾಳಿಯು ಹಗುರವೆಂದು ಲೋಕದ ಮಾತು. ವಾಸ್ತವದಲ್ಲಿ, ಸಮುದ್ರದ ಮಟ್ಟದಲ್ಲಿ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕಿಲೋಗ್ರಾಂ ಗಾಳಿಯು ಕುಳಿತಿರುವುದು. ಎಲ್ಲ ಕಡೆಯಿಂದಲೂ ಸಮವಾಗಿ ಒತ್ತುವುದರಿಂದ ಆ ಭಾರವು ನಮಗೆ ತಿಳಿಯದು.

ಆಮ್ಲಜನಕ ಎಂಬ ಹೆಸರಿನ ವಿಷಯವಾಗಿಯೂ ಒಂದು ಮಾತು. ಇಂಗ್ಲೆಂಡಿನ ಪ್ರೀಸ್ಟ್‌ಲಿಯು ೧೭೭೪ರಲ್ಲಿ ಪಾದರಸದ ಕೆಂಪು ಭಸ್ಮವನ್ನು ಕಾಯಿಸಿ ಈ ಅನಿಲವನ್ನು ಪಡೆದನು. ಅದಕ್ಕೆ ಹೆಸರಿಟ್ಟವನು ಫ್ರಾನ್ಸ್ ದೇಶದ ಲವಾಸಿಯೇ. ಆಮ್ಲಗಳೆಲ್ಲವೂ ಇದರಿಂದಲೇ ಹುಟ್ಟುವುವೆಂದು ಅವನು ನಂಬಿ, ಆ ಅರ್ಥ ಬರುವಂತೆ ಗ್ರೀಕ್ ಮಾತುಗಳಿಂದ ಹೆಸರು ಕಟ್ಟಿದನು; ನಮ್ಮವರು ಅದನ್ನು ಸಂಸ್ಕೃತಕ್ಕೆ ತಿರುಗಿಸಿ ಆಮ್ಲಜನಕವೆಂದರು. ಆಮ್ಲಜನಕವಿಲ್ಲದ ಆಮ್ಲವೂ ಉಂಟೆಂದು ಇಂಗ್ಲೆಂಡಿನ ಡೇವಿಯು ೧೮೧೦ರಲ್ಲಿ ತೋರಿಸಿಕೊಟ್ಟನು. ಹೆಸರು ಮಾತ್ರ ಹಾಗೆಯೇ ನಿಂತಿತು. ವೈಯಾಕರಣರು ಹೇಳುವ ರೂಢಿಶಬ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಇನ್ನು ಚರಿತ್ರೆಗೆ ಬರುವ. ಭೂಮಿಯು ಹುಟ್ಟಿ ಇಂದಿಗೆ ಸುಮಾರು ೪೫೪ ಕೋಟಿ ವರ್ಷಗಳಾದುವು. ಸೂರ್ಯನ ಸುತ್ತಲಿದ್ದ ಧೂಳು ಅನಿಲಗಳಿಂದ ಭೂಮಿಯು ಮುದ್ದೆಗಟ್ಟುವಾಗ ಅದಕ್ಕೆ ಏನಾದರೂ ಹೊದಿಕೆಯಿದ್ದಿದ್ದರೆ ಅದು ಜಲಜನಕ, ಹೀಲಿಯಂ ಎಂಬ ಅತಿ ಹಗುರವಾದ ಅನಿಲಗಳದ್ದಾಗಿರಬೇಕು. ಇವು ಕಾದಷ್ಟೂ ವೇಗವಾಗಿ ಓಡುವ ಅನಿಲಗಳು. ಅವನ್ನು ಹಿಡಿದಿಟ್ಟುಕೊಳ್ಳುವಷ್ಟು ಆಕರ್ಷಣ ಶಕ್ತಿ ನಮ್ಮ ಭೂಮಿಗಿಲ್ಲ. ಗುರುಗ್ರಹಕ್ಕೆ ಉಂಟು, ಆದುದರಿಂದ ಅಲ್ಲಿ ಅವು ಇಂದಿಗೂ ಇವೆ. ಮಂಗಳ ಗ್ರಹದಷ್ಟು ದೊಡ್ಡದಾದ ಒಂದು ಗೋಳವು ಬಾಲಭೂಮಿಯನ್ನು ಬಂದು ಅಪ್ಪಳಿಸಿತೆಂದೂ, ಆಗ ಸಿಡಿದ ದ್ರವ್ಯದಿಂದಲೇ ಚಂದ್ರನು ಆದನೆಂದೂ ವಿದ್ವಾಂಸರಲ್ಲಿ ಬಹುಮಂದಿ ಒಪ್ಪಿರುವರು. ಅಂತಹ ಪೆಟ್ಟಿಗೆ ಆ ಮೊದಲ ಹೊದಿಕೆಯು ಉಳಿಯುವುದು ಹೇಗೆ?

ಎರಡನೆಯ ಹೊದಿಕೆಯು ಭೂಮಿಯ ಒಡಲಿನಿಂದಲೇ ಬಂದಿತು. ಕರಗಿದ ಬಂಡೆಯಲ್ಲಿ ನೀರಿನ ಆವಿ, ಇಂಗಾಲಾಮ್ಲವಾಯು, ಸಾರಜನಕ, ಗಂಧಕದ ಅನಿಲಗಳು ಅಡಗಿರುತ್ತವೆ. ಇಂದಿಗೂ ಜ್ವಾಲಾಮುಖಿಗಳು ಉಗುಳುವುದು ಇವನ್ನೇ. ಬಂಡೆಯು ತಣಿದಂತೆ ಈ ಅನಿಲಗಳು ಮೇಲೆದ್ದು ಭೂಮಿಯನ್ನು ಮುಸುಕಿದುವು. ಮತ್ತಷ್ಟು ತಣಿದ ಮೇಲೆ ಆವಿಯು ಮಳೆಯಾಗಿ ಸುರಿದು ಸಮುದ್ರವಾಯಿತು. ಇದು ಬಹು ಬೇಗನೆ ನಡೆಯಿತೆಂಬುದಕ್ಕೆ ಸಾಕ್ಷಿಯುಂಟು. ಪಶ್ಚಿಮ ಆಸ್ಟ್ರೇಲಿಯದ ಜ್ಯಾಕ್ ಹಿಲ್ಸ್ ಎಂಬಲ್ಲಿ ಸಿಕ್ಕಿದ ಜಿರ್ಕಾನ್ ಎಂಬ ಖನಿಜದ ಹರಳುಗಳು, ಮರಳಿನ ಕಣದಷ್ಟು ಚಿಕ್ಕವು, ಸುಮಾರು ೪೪೦ ಕೋಟಿ ವರ್ಷಗಳಷ್ಟು ಹಳೆಯವು. ಅವು ಹುಟ್ಟಿದ ಕಾಲಕ್ಕೆ ಭೂಮಿಯ ಮೇಲೆ ದ್ರವರೂಪವಾದ ನೀರಿದ್ದಿತೆಂಬ ಗುರುತು ಅವುಗಳಲ್ಲಿ ಸಿಕ್ಕಿದೆ.

ನೀರು ಇಳಿದ ಮೇಲೆ ಗಾಳಿಯಲ್ಲಿ ಉಳಿದುದು ಮುಖ್ಯವಾಗಿ ಇಂಗಾಲಾಮ್ಲವಾಯು ಮತ್ತು ಸಾರಜನಕ. ಅಷ್ಟೊಂದು ಇಂಗಾಲಾಮ್ಲವು ಎಲ್ಲಿ ಹೋಯಿತೆಂದು ಕೇಳಿದರೆ, ಉತ್ತರವು ನಮ್ಮ ವಾಚಕರಲ್ಲಿ ಅನೇಕರ ಮನೆಯ ನೆಲದಲ್ಲಿಯೇ ಇದೆ. ಮಳೆಯ ನೀರು ಗಾಳಿಯ ಇಂಗಾಲಾಮ್ಲವನ್ನು ಹೀರಿಕೊಂಡು ಬಂಡೆಗಳನ್ನು ಮೆಲ್ಲಮೆಲ್ಲನೆ ತಿನ್ನುವುದು. ಹಾಗೆ ಕರಗಿದ ಸುಣ್ಣದಂಶವು ನದಿಗಳ ಮೂಲಕ ಸಮುದ್ರ ಸೇರಿ, ತಳದಲ್ಲಿ ಸುಣ್ಣದ ಕಲ್ಲಾಗಿ ನಿಲ್ಲುವುದು. ಶುದ್ಧವಾದ ಸುಣ್ಣದ ಕಲ್ಲು ನೂರು ಕಿಲೋಗ್ರಾಂ ಇದ್ದರೆ ಅದರಲ್ಲಿ ೪೪ ಕಿಲೋಗ್ರಾಂ ಇಂಗಾಲಾಮ್ಲವಾಯುವು ಸೆರೆಯಾಗಿರುವುದು. ಅಡುಗೆಮನೆಗೆ ಹಾಸುವ ಶಹಾಬಾದಿನ ಕಲ್ಲು ಸುಣ್ಣದ ಕಲ್ಲಿನ ಜಾತಿಯದೇ. ಅದರ ಮೇಲೆ ಕುಳಿತು ಊಟಮಾಡುವವರು ಪುರಾತನ ಕಾಲದ ಗಾಳಿಯ ಮೇಲೆ ಕುಳಿತಿರುವರೆಂದರೆ ಅತಿಶಯೋಕ್ತಿಯಲ್ಲ. ಕಲ್ಲನ್ನಾಗಲಿ ಕಪ್ಪೆಚಿಪ್ಪನ್ನಾಗಲಿ ಗೂಡಿನಲ್ಲಿ ಸುಟ್ಟಾಗ ಆ ಸೆರೆಯು ಬಿಡುಗಡೆಯಾಗುವುದು. ಉಳಿದ ಸುಣ್ಣವನ್ನು ಗೋಡೆಗೆ ಬಳಿದರೆ ಅದು ಮತ್ತೆ ಗಾಳಿಯಿಂದ ಅದೇ ಅನಿಲವನ್ನು ಸೆಳೆದುಕೊಂಡು ಗಟ್ಟಿಯಾಗುವುದು.

ಈ ಕೆಲಸವು ನಡೆಯದಿದ್ದರೆ ಏನಾಗುತ್ತಿದ್ದಿತೆಂಬುದಕ್ಕೆ ನೆರೆಯ ಶುಕ್ರಗ್ರಹವನ್ನು ನೋಡಬಹುದು. ಗಾತ್ರದಲ್ಲಿ ಅದು ಭೂಮಿಗೆ ತಂಗಿಯಂತಿದೆ. ಆದರೆ ಅಲ್ಲಿ ಸಮುದ್ರವಿಲ್ಲ; ಆದುದರಿಂದ ಇಂಗಾಲಾಮ್ಲವೆಲ್ಲವೂ ಗಾಳಿಯಲ್ಲಿಯೇ ಉಳಿದಿದೆ. ಅಲ್ಲಿಯ ಗಾಳಿಯ ನೂರರಲ್ಲಿ ೯೬ ಪಾಲು ಅದೇ. ಅದರ ಒತ್ತಡವು ನಮ್ಮ ಗಾಳಿಯ ತೊಂಬತ್ತರಷ್ಟು. ನೆಲದ ಮೇಲಿನ ಶಾಖವು ಸುಮಾರು ೪೬೦ ಡಿಗ್ರಿ ಸೆಂಟಿಗ್ರೇಡ್, ಸೀಸವು ಕರಗಿ ಹರಿಯುವಷ್ಟು. ನಮ್ಮ ಭೂಮಿಯ ಸುಣ್ಣದ ಕಲ್ಲುಗಳಲ್ಲಿ ಸೆರೆಯಾಗಿರುವ ಇಂಗಾಲಾಮ್ಲವು ಶುಕ್ರನ ಗಾಳಿಯಲ್ಲಿರುವುದಕ್ಕೆ ಹೆಚ್ಚು ಕಡಿಮೆ ಸಮವೆಂದು ಲೆಕ್ಕಮಾಡಿದವರು ಹೇಳುತ್ತಾರೆ. ಹಾಗೆಂದು ಅದೆಲ್ಲವೂ ಒಮ್ಮೆಗೇ ಇಳಿದುಹೋಗಿದ್ದರೂ ಕಷ್ಟವಾಗುತ್ತಿದ್ದಿತು. ಆ ಕಾಲದ ಸೂರ್ಯನ ಪ್ರಕಾಶವು ಈಗಿನದರ ಮುಕ್ಕಾಲಿಗಿಂತಲೂ ತುಸು ಕಡಿಮೆ. ಶಾಖವನ್ನು ಹಿಡಿದಿಡುವ ಇಂಗಾಲಾಮ್ಲದಂತಹ ಅನಿಲಗಳ ಕಂಬಳಿಯಿಲ್ಲದಿದ್ದರೆ ಸಮುದ್ರಗಳು ಹೆಪ್ಪುಗಟ್ಟಿ ಹೋಗುತ್ತಿದ್ದುವು.

ಇಷ್ಟಾದರೂ ಆಮ್ಲಜನಕದ ಸುಳಿವಿಲ್ಲ. ಇಲ್ಲವೆಂದು ತಿಳಿದುದು ಹೇಗೆ? ಹೊಂಬಣ್ಣದ ಒಂದು ಖನಿಜವುಂಟು. ಗಂಧಕವೂ ಕಬ್ಬಿಣವೂ ಕೂಡಿದುದು, ಹೆಸರು ಪೈರೈಟ್. ಈಗಿನ ಹೊಳೆಯಲ್ಲಿ ಅದು ಬಿದ್ದರೆ ಗಾಳಿ ನೀರುಗಳ ಆಮ್ಲಜನಕವು ತಗಲಿ ಬೇಗನೆ ತುಕ್ಕಾಗಿ ನಾಶವಾಗುವುದು. ಆದರೆ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ಪ್ರಾಂತವಾದ ವಿಟ್‌ವಾಟರ್ಸ್‌ರ‍್ಯಾಂಡಿನಲ್ಲಿ, ಮುನ್ನೂರು ಕೋಟಿ ವರ್ಷಗಳಿಗೆ ಸಮೀಪವಾದ ಕಾಲದ ಹೊಳೆಗಳು ಹೊತ್ತು ತಂದ ಜಲ್ಲಿಕಲ್ಲುಗಳ ನಡುವೆ, ಉರುಳಿ ಉರುಳಿ ದುಂಡಾದ ಪೈರೈಟಿನ ಕಣಗಳು ತುಕ್ಕಿಲ್ಲದೆ ಉಳಿದಿವೆ. ನಮ್ಮ ಬಾಬಾಬುಡನ್ ಗಿರಿಶ್ರೇಣಿಯ ತಳದ ಶಿಲೆಗಳಲ್ಲಿಯೂ ಇಂತಹ ಜಲ್ಲಿಯ ಪದರಗಳಿವೆ. ಆ ಹೊಳೆಗಳ ಮೇಲೆ ಬೀಸುತ್ತಿದ್ದ ಗಾಳಿಯಲ್ಲಿ ತುಕ್ಕು ಹಿಡಿಸುವ ವಸ್ತುವು ಇರಲಿಲ್ಲವೆಂದೇ ಇದರ ಅರ್ಥ.

ಆ ವಸ್ತುವನ್ನು ಮಾಡಿದವರು ಯಾರು? ದೊಡ್ಡ ದೊಡ್ಡ ಮರಗಳನ್ನು ವಾಚಕರು ನೆನೆಯಬಾರದು. ಮರಗಳು ಹುಟ್ಟಲು ಇನ್ನೂ ಇನ್ನೂರು ಕೋಟಿ ವರ್ಷಗಳಿಗೆ ಹೆಚ್ಚಾಗಿಯೇ ಕಾಯಬೇಕಾಗಿದ್ದಿತು. ಮಳೆಗಾಲದಲ್ಲಿ ಅಂಗಳದ ಕಲ್ಲಿನ ಮೇಲೆ ಬೆಳೆದು ಕಾಲು ಜಾರಿಸುವ ಪಾಚಿಯನ್ನು ಗೃಹಿಣಿಯರು ಬೈದುಕೊಂಡು ತಿಕ್ಕಿ ತೆಗೆಯುವರಷ್ಟೆ? ಅದರಲ್ಲಿ ಬರಿಗಣ್ಣಿಗೆ ಕಾಣದ ನೀಲಿಹಸಿರು ಜೀವಿಗಳ ಒಂದು ಕುಲವುಂಟು. ಸಯನೋಬ್ಯಾಕ್ಟೀರಿಯ ಎಂದು ಅದರ ಹೆಸರು. ಇವುಗಳ ಪೂರ್ವಿಕರೇ ಈ ಮಹಾಕಾರ್ಯದ ಕರ್ತರು. ಬಿಸಿಲಿನ ಬಲದಿಂದ ನೀರನ್ನು ಒಡೆದು, ಇಂಗಾಲಾಮ್ಲದಿಂದ ತಮ್ಮ ಆಹಾರವನ್ನು ಮಾಡಿಕೊಂಡು, ಬೇಡವಾದ ಆಮ್ಲಜನಕವನ್ನು ಹೊರಕ್ಕೆ ಚೆಲ್ಲುವ ವಿದ್ಯೆಯನ್ನು ಮೊದಲು ಕಲಿತವು ಇವೇ. ಮೊಂಬತ್ತಿ ಉರಿದು ಆರಿಹೋದ ಗಾಳಿಯನ್ನು ಪುದೀನದ ಗಿಡವು ಮತ್ತೆ ಉರಿಗೆ ಯೋಗ್ಯವಾಗಿ ಮಾಡುವುದೆಂದು ಪ್ರೀಸ್ಟ್‌ಲಿಯು ೧೭೭೧ರಲ್ಲಿ ಕಂಡಿದ್ದನು. ಅದಕ್ಕೆ ಬಿಸಿಲು ಬೇಕು, ಹಸಿರು ಭಾಗಗಳೇ ಬೇಕು ಎಂದು ಇಂಗೆನ್‌ಹೌಸ್ ಎಂಬ ಡಚ್ ವೈದ್ಯನು ೧೭೭೯ರಲ್ಲಿ ತೋರಿಸಿದನು. ಗಿಡಮರಗಳ ಆ ಹಸಿರು ಕೂಡ ಈ ಸೂಕ್ಷ್ಮಜೀವಿಗಳಿಂದ ಬಂದ ಆಸ್ತಿಯೇ. ಬಹು ಹಿಂದೆ ಇನ್ನೊಂದು ಜೀವಕಣದ ಒಳಹೊಕ್ಕು ಅಲ್ಲಿಯೇ ನೆಲಸಿದ ಸಯನೋಬ್ಯಾಕ್ಟೀರಿಯದ ಸಂತತಿಯೇ ಇಂದು ಎಲೆಯೊಳಗೆ ಹಸಿರು ಕಣವಾಗಿ ಕೆಲಸಮಾಡುತ್ತಿದೆ.

ಈ ಜೀವಿಗಳು ಆಳವಿಲ್ಲದ ನೀರಿನಲ್ಲಿ ಚಾಪೆಯಂತೆ ಹರಡಿ ಬೆಳೆಯುವುವು. ಚಾಪೆಯ ಮೇಲೆ ಕೆಸರು ಬಿದ್ದರೆ ಅದರ ಮೇಲೆ ಮತ್ತೊಂದು ಚಾಪೆ. ಹೀಗೆ ಪದರದ ಮೇಲೆ ಪದರವಾಗಿ ಕಲ್ಲಿನ ದಿಬ್ಬಗಳು ಏಳುವುವು. ಇವಕ್ಕೆ ಸ್ಟ್ರೊಮ್ಯಾಟೊಲೈಟ್ ಎಂದು ಹೆಸರು. ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಬೇ ಎಂಬ ಕೊಲ್ಲಿಯಲ್ಲಿ ಇಂದಿಗೂ ಇವು ಬೆಳೆಯುತ್ತಿವೆ. ನಮ್ಮ ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣದ ಕಲ್ಲಿನಲ್ಲಿ ಇಂತಹ ಪದರಗಳ ಗುರುತುಗಳು ಶಿಲೆಯಾಗಿ ಉಳಿದಿವೆ. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಅಲ್ಲೊಂದು ಸಮುದ್ರದ ಅಂಚಿದ್ದಿತು. ಈಗ ತೆಂಗು ಅಡಕೆಗಳ ಸೀಮೆ.

ಆಮ್ಲಜನಕವು ಹುಟ್ಟಿದೊಡನೆಯೇ ಗಾಳಿಗೆ ಬರಲಿಲ್ಲ. ದಾರಿಯಲ್ಲಿ ಸಾಲಗಾರರಿದ್ದರು, ಅವರಲ್ಲಿ ಮುಖ್ಯವಾದುದು ಕಬ್ಬಿಣ. ಕೆಲವು ಕೊಳವೆ ಬಾವಿಗಳ ನೀರನ್ನು ಕೊಡದಲ್ಲಿ ತುಂಬಿದಾಗ ಅದು ತಿಳಿಯಾಗಿಯೇ ಇರುವುದು; ಒಂದು ರಾತ್ರಿ ಇಟ್ಟರೆ ತಳದಲ್ಲಿ ಕೆಂಪು ಗಸಿಯು ಕೂರುವುದು. ನೆಲದಾಳದಲ್ಲಿ ಗಾಳಿ ತಾಕದೆ ಕರಗಿದ್ದ ಕಬ್ಬಿಣವು ಆಮ್ಲಜನಕವನ್ನು ಕಂಡೊಡನೆ ತುಕ್ಕಾಗಿ ಇಳಿಯುವುದೇ ಇದರ ಕಾರಣ. ಆದಿಕಾಲದ ಸಮುದ್ರವೆಲ್ಲವೂ ಅಂತಹ ಕೊಡದ ನೀರಿನಂತೆ ಕಬ್ಬಿಣವನ್ನು ಕರಗಿಸಿಕೊಂಡಿದ್ದಿತು. ಅದು ತುಕ್ಕಾಗಿ ಇಳಿದು, ನಡುನಡುವೆ ಬೆಣಚಿನ ಪದರಗಳೊಡನೆ ಸೇರಿ, ಪಟ್ಟೆ ಪಟ್ಟೆಯಾದ ಕಬ್ಬಿಣದ ಅದಿರಿನ ಬಂಡೆಗಳಾದುವು. ಬಾಬಾಬುಡನ್ ಗಿರಿ, ಕುದುರೆಮುಖ, ಸಂಡೂರಿನ ಬೆಟ್ಟಗಳು ಇಂತಹವು; ಸುಮಾರು ೨೭೦ ಕೋಟಿ ವರ್ಷಗಳಷ್ಟು ಹಳೆಯವು. ಆ ತುಕ್ಕನ್ನು ಹಿಡಿಸಿದುದು ಸಯನೋಬ್ಯಾಕ್ಟೀರಿಯ ಕೊಟ್ಟ ಆಮ್ಲಜನಕವೆಂದು ಕೆಲವರೂ, ಆಮ್ಲಜನಕವನ್ನು ಬಿಡದೆ ಕಬ್ಬಿಣವನ್ನೇ ಬಿಸಿಲಿನಲ್ಲಿ ಉಂಡು ಬದುಕುವ ಬೇರೆ ಸೂಕ್ಷ್ಮಜೀವಿಗಳೂ ಅದರಲ್ಲಿ ಪಾಲುಗೊಂಡುವೆಂದು ಇನ್ನು ಕೆಲವರೂ ವಾದಿಸುವರು. ಎರಡೂ ಪಕ್ಷಗಳಲ್ಲಿ ಜೀವದ ಕೈವಾಡವಂತೂ ಉಂಟು. ನಮ್ಮ ಮನೆಯ ಕುಡುಗೋಲು, ಈಳಿಗೆಮಣೆ, ದೋಸೆಯ ಕಾವಲಿ ಇವುಗಳ ಲೋಹವೆಲ್ಲ ಬಹುತೇಕ ಇಂತಹ ಬಂಡೆಗಳಿಂದಲೇ ಬಂದುದು.

ಸಾಲವು ತೀರುತ್ತ ಬಂದ ಮೇಲೆ ಆಮ್ಲಜನಕವು ಗಾಳಿಯಲ್ಲಿ ನಿಲ್ಲತೊಡಗಿತು. ಇದು ನಡೆದುದು ಸುಮಾರು ೨೪೦ ರಿಂದ ೨೩೦ ಕೋಟಿ ವರ್ಷಗಳ ಹಿಂದೆ. ಇಷ್ಟು ಖಚಿತವಾಗಿ ಹೇಳಲು ಆಧಾರವೇನೆಂದರೆ ಗಂಧಕ. ಆಮ್ಲಜನಕವಿಲ್ಲದ ಗಾಳಿಯಲ್ಲಿ ಸೂರ್ಯನ ಅತಿನೇರಿಳೆ ಕಿರಣಗಳು ಕೆಳಗಿನ ತನಕ ಬಂದು ಗಂಧಕದ ಅನಿಲಗಳ ಮೇಲೆ ಒಂದು ವಿಶೇಷವಾದ ಮುದ್ರೆಯನ್ನೊತ್ತುವುವು. ಆ ಮುದ್ರೆಯು ಅದಕ್ಕಿಂತ ಹಳೆಯ ಶಿಲೆಗಳಲ್ಲಿ ಇದೆ, ಅನಂತರದ ಶಿಲೆಗಳಲ್ಲಿ ಇಲ್ಲ. ಫಾರ್ಕ್ವರ್ ಮತ್ತು ಅವನ ಸಹೋದ್ಯೋಗಿಗಳು ೨೦೦೦ದಲ್ಲಿ ಇದನ್ನು ಕಂಡುಹಿಡಿದರು.

ನಮಗೆ ಅಮೃತವಾದ ಈ ಅನಿಲವು ಆ ಕಾಲದ ಜೀವಿಗಳಿಗೆ ವಿಷವಾಗಿದ್ದಿತು. ಅದನ್ನು ತಾಳಲಾರದ ಕುಲಗಳು ಅಳಿದುವು, ಇಲ್ಲವೆ ಗಾಳಿ ಸುಳಿಯದ ಮೂಲೆಗಳಲ್ಲಿ ಅಡಗಿದುವು. ಇಂದಿಗೂ ಅವು ಅಲ್ಲಿಯೇ ಇವೆ: ನೀರು ನಿಂತ ಗದ್ದೆಯ ಕೆಸರಿನಲ್ಲಿ, ಕೆರೆಯ ತಳದ ಹೂಳಿನಲ್ಲಿ, ಹಸುವಿನ ಹೊಟ್ಟೆಯಲ್ಲಿ. ಗೋಬರ್ ಅನಿಲದ ಗುಂಡಿಗೆ ಗಾಳಿ ಹೋಗದಂತೆ ಮುಚ್ಚಳ ಹಾಕುವುದು ಈ ಹಳೆಯ ಒಕ್ಕಲುಗಳ ಸೌಕರ್ಯಕ್ಕಾಗಿಯೇ. ಅವು ಹುಟ್ಟಿಸುವ ಮೀಥೇನ್ ಅನಿಲವು ಆದಿಕಾಲದಲ್ಲಿ ಗಾಳಿಯನ್ನು ಬೆಚ್ಚಗೆ ಇಟ್ಟಿದ್ದಿತು. ಆಮ್ಲಜನಕವು ಅದನ್ನು ಸುಟ್ಟುದರಿಂದಲೇ ಆ ಸಮಯದ ದೊಡ್ಡ ಹಿಮಯುಗವು ಬಂದಿರಬಹುದೆಂದು ಊಹಿಸುವವರಿದ್ದಾರೆ. ಇತ್ತ ಆಮ್ಲಜನಕದಿಂದಲೇ ಆಕಾಶದಲ್ಲಿ ಓಜೋನ್ ಎಂಬ ಅನಿಲದ ಕೊಡೆಯು ಹರಡಿತು. ಹದಿನೈದರಿಂದ ಮೂವತ್ತೈದು ಕಿಲೋಮೀಟರ್ ಎತ್ತರದಲ್ಲಿ ನಿಂತು, ಜೀವಕಣಗಳನ್ನು ಸುಡುವ ಅತಿನೇರಿಳೆ ಕಿರಣಗಳನ್ನು ತಡೆಯುವುದು ಅದೇ.

ಇಲ್ಲಿ ಒಂದು ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿದೆ; ಸುಶಿಕ್ಷಿತರೂ ಇದರಲ್ಲಿ ಎಡವುತ್ತಾರೆ. ಗಿಡವು ಬೆಳೆಯುವಾಗ ಆಮ್ಲಜನಕವನ್ನು ಕೊಡುವುದು ನಿಜ. ಆದರೆ ಅದು ಸತ್ತು ಕೊಳೆತಾಗ, ಅಥವಾ ಒಲೆಯಲ್ಲಿ ಉರಿದಾಗ, ಇಲ್ಲವೆ ದನವು ಮೇದಾಗ, ಕೊಟ್ಟಷ್ಟೂ ಹಿಂದಕ್ಕೆ ಹೋಗುವುದು. ಜಮಾ ಖರ್ಚು ಸರಿಸಮ. ಉಳಿತಾಯವಾಗಬೇಕಾದರೆ ಸತ್ತ ಜೀವಿಯ ಇಂಗಾಲವು ಕೊಳೆಯದೆ, ಉರಿಯದೆ, ಕೆಸರಿನಡಿಯಲ್ಲಿ ಹೂತುಹೋಗಬೇಕು. ಹಾಗೆ ಹೂತುಹೋಗುವುದು ಬಹು ಸ್ವಲ್ಪ. ಆ ಸ್ವಲ್ಪವೇ ಕೋಟಿಕೋಟಿ ವರ್ಷಗಳಲ್ಲಿ ಕೂಡಿ ಇಂದಿನ ೨೧ ಪಾಲಾಗಿದೆ. ಅಮೆಜಾನ್ ಕಾಡು ಲೋಕಕ್ಕೆ ಬೇಕಾದ ಆಮ್ಲಜನಕದ ಐದನೆಯ ಒಂದು ಪಾಲನ್ನು ಕೊಡುವುದೆಂದು ಪತ್ರಿಕೆಗಳಲ್ಲಿ ಬರುವ ಮಾತು ಈ ಕಾರಣದಿಂದ ನಿಲ್ಲುವುದಿಲ್ಲ. ಕಾಡನ್ನು ಕಾಯಲು ಬೇರೆ ನೂರು ಕಾರಣಗಳಿವೆ.

ಮೊದಲ ಏರಿಕೆಯ ಅನಂತರ ನೂರು ಕೋಟಿ ವರ್ಷಕ್ಕೂ ಮೇಲ್ಪಟ್ಟು ಆಮ್ಲಜನಕವು ಇಂದಿನ ಹತ್ತನೆಯ ಒಂದು ಪಾಲನ್ನೂ ಮುಟ್ಟಿರಲಿಲ್ಲವೆಂದು ಬಹುಮಂದಿಯ ಅಭಿಪ್ರಾಯ. ಎರಡನೆಯ ಏರಿಕೆಯು ೮೦ ರಿಂದ ೫೪ ಕೋಟಿ ವರ್ಷಗಳ ನಡುವಿನದು. ಅದರ ಬೆನ್ನಿಗೇ ದೊಡ್ಡ ಮೈಯ ಪ್ರಾಣಿಗಳು ಸಮುದ್ರದಲ್ಲಿ ಕಾಣಿಸಿಕೊಂಡುವು. ಬಳಿಕ ಸಸ್ಯಗಳು ನೆಲವನ್ನೇರಿದುವು. ಸುಮಾರು ಮೂವತ್ತು ಕೋಟಿ ವರ್ಷಗಳ ಹಿಂದೆ ಜೌಗು ಕಾಡುಗಳು ರಾಶಿರಾಶಿಯಾಗಿ ಹೂತು ಕಲ್ಲಿದ್ದಲಾದಾಗ, ಆಮ್ಲಜನಕವು ಮೂವತ್ತು ಪಾಲಿನವರೆಗೂ ಏರಿದ್ದಿತೆಂದು ಗಣಿಸುವರು. ಫ್ರಾನ್ಸಿನ ಕಾಮಾಂಟ್ರಿ ಎಂಬಲ್ಲಿ ಕಲ್ಲಿದ್ದಲಿನ ಪದರಗಳಲ್ಲಿ ಸಿಕ್ಕಿದ ಕೊಡತಿಹುಳುವಿನ ಜಾತಿಯ ಒಂದು ಕೀಟಕ್ಕೆ ರೆಕ್ಕೆಯಿಂದ ರೆಕ್ಕೆಗೆ ಎರಡು ಅಡಿಗಿಂತ ಹೆಚ್ಚು ಅಗಲವಿದ್ದಿತು. ಶ್ವಾಸಕೋಶವಿಲ್ಲದ ಕೀಟವು ಅಷ್ಟು ದೊಡ್ಡದಾಗಲು ಗಾಳಿಯ ಈ ಸಮೃದ್ಧಿಯೇ ಕಾರಣವೆಂದು ಕೆಲವರ ವಾದ. ನಮ್ಮ ದೇಶದ ಝರಿಯಾ, ರಾಣಿಗಂಜ್, ಸಿಂಗರೇಣಿಯ ಕಲ್ಲಿದ್ದಲು ಇದಕ್ಕಿಂತ ತುಸು ಈಚಿನದು.

ಕೂಡಿಟ್ಟ ಆ ಗಂಟನ್ನು ಈಗ ನಾವು ಬಿಚ್ಚುತ್ತಿದ್ದೇವೆ. ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲು, ರಸ್ತೆಯ ಗಾಡಿಗಳ ಎಣ್ಣೆ, ಅಡುಗೆಮನೆಯ ಸಿಲಿಂಡರಿನ ಅನಿಲ, ಎಲ್ಲವೂ ಆ ಹೂತ ಇಂಗಾಲವೇ. ಇದರಿಂದ ಆಮ್ಲಜನಕವು ತೀರಿಹೋದೀತೆಂದು ಹೆದರಬೇಕಾಗಿಲ್ಲ. ಅದು ವರ್ಷಕ್ಕೆ ಹತ್ತು ಲಕ್ಷದಲ್ಲಿ ಸುಮಾರು ನಾಲ್ಕು ಪಾಲಿನಂತೆ ಮಾತ್ರ ಇಳಿಯುತ್ತಿದೆ, ಮೂಲಧನವೋ ಎರಡು ಲಕ್ಷಕ್ಕೆ ಮೇಲ್ಪಟ್ಟಿದೆ. ಭಯವಿರುವುದು ಇನ್ನೊಂದು ಕಡೆ. ಇಂಗಾಲಾಮ್ಲದ ಮೂಲಧನವು ಬಹಳ ಚಿಕ್ಕದಾದುದರಿಂದ ಅದಕ್ಕೆ ಸೇರುವ ಸ್ವಲ್ಪವೂ ದೊಡ್ಡದಾಗಿ ತೋರುವುದು. ದಕ್ಷಿಣ ಧ್ರುವಪ್ರದೇಶದ ಹಿಮವನ್ನು ಆಳವಾಗಿ ಕೊರೆದು, ಅದರ ಗುಳ್ಳೆಗಳಲ್ಲಿ ಸಿಕ್ಕಿಬಿದ್ದ ಹಳೆಯ ಗಾಳಿಯನ್ನು ಅಳೆದಿದ್ದಾರೆ. ಎಂಟು ಲಕ್ಷ ವರ್ಷಗಳ ಆ ದಾಖಲೆಯಲ್ಲಿ ಇಂಗಾಲಾಮ್ಲವು ಹತ್ತು ಲಕ್ಷದಲ್ಲಿ ೧೮೦ ರಿಂದ ೩೦೦ ಪಾಲುಗಳ ನಡುವೆಯೇ ಏರಿಳಿದಿದೆ. ಯಂತ್ರಯುಗದ ಮೊದಲು ಅದು ೨೮೦. ಅಮೆರಿಕದ ಕೀಲಿಂಗ್ ಎಂಬ ವಿದ್ವಾಂಸನು ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ೧೯೫೮ರಲ್ಲಿ ಎಡೆಬಿಡದ ಅಳತೆಯನ್ನಾರಂಭಿಸಿದಾಗ ೩೧೫. ನಾವು ಹುಟ್ಟಿದ ಕಾಲಕ್ಕೆ, ೧೯೬೫ರಲ್ಲಿ, ೩೨೦. ೨೦೨೪ರ ಸರಾಸರಿಯು ೪೨೪. ನಾವು ಪಾಠ ಹೇಳಲು ತೊಡಗಿದಾಗ ಮಕ್ಕಳ ಪುಸ್ತಕದಲ್ಲಿ ಶೇಕಡಾ ೦.೦೩ ಎಂದು ಅಚ್ಚಾಗಿದ್ದಿತು. ನಿವೃತ್ತರಾಗುವ ಹೊತ್ತಿಗೆ ಅದು ೦.೦೪ ಆಗಿದ್ದಿತು. ಮಳೆಯೂ ಬಂಡೆಯೂ ಸೇರಿ ಈ ಹೆಚ್ಚಳವನ್ನು ಮತ್ತೆ ಸುಣ್ಣದ ಕಲ್ಲಾಗಿ ಇಳಿಸುವುವು, ಸಂಶಯವಿಲ್ಲ. ಆ ಕೆಲಸವು ಪೂರ್ತಿಯಾಗಲು ಲಕ್ಷಾಂತರ ವರ್ಷಗಳು ಬೇಕು. ಅಷ್ಟರೊಳಗೆ ಶಾಖವು ಏರುವುದು, ಮಳೆಯ ಕ್ರಮವು ಕೆಡುವುದು, ಸಮುದ್ರದ ನೀರು ಹುಳಿಯಾಗಿ ಚಿಪ್ಪಿನ ಪ್ರಾಣಿಗಳಿಗೆ ತೊಂದರೆಯಾಗುವುದು.

ಓಜೋನಿನ ಕೊಡೆಯ ವಿಷಯದಲ್ಲಿ ಮಾತ್ರ ಮನುಷ್ಯನು ಹೊತ್ತಿಗೆ ಸರಿಯಾಗಿ ಎಚ್ಚತ್ತನು. ತಂಗಳಪೆಟ್ಟಿಗೆಗಳಲ್ಲಿಯೂ ಸುಗಂಧದ ಡಬ್ಬಿಗಳಲ್ಲಿಯೂ ಬಳಸುತ್ತಿದ್ದ ಕೆಲವು ಕೃತಕ ಅನಿಲಗಳು ಮೇಲೇರಿ ಅದನ್ನು ತಿನ್ನುತ್ತಿದ್ದುವು. ದಕ್ಷಿಣ ಧ್ರುವದ ಮೇಲೆ ಪ್ರತಿ ವಸಂತದಲ್ಲಿಯೂ ಕೊಡೆಯು ತೆಳುವಾಗುತ್ತಿರುವುದನ್ನು ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು ೧೯೮೫ರಲ್ಲಿ ಪ್ರಕಟಿಸಿದರು. ಎರಡೇ ವರ್ಷಗಳಲ್ಲಿ, ೧೯೮೭ರಲ್ಲಿ, ಕೆನಡದ ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಕೂಡಿ ಆ ಅನಿಲಗಳನ್ನು ಕಡಿಮೆಮಾಡಲು ಒಡಂಬಡಿಕೆ ಮಾಡಿಕೊಂಡುವು. ಮುಂದೆ ಲೋಕದ ರಾಷ್ಟ್ರಗಳೆಲ್ಲವೂ ಅದನ್ನು ಒಪ್ಪಿದುವು. ಧ್ರುವದ ಮೇಲಿನ ಹರಕು ೨೦೬೬ರ ಸುಮಾರಿಗೆ ೧೯೮೦ರ ಸ್ಥಿತಿಗೆ ಮರಳುವುದೆಂದು ೨೦೨೨ರ ವರದಿಯಲ್ಲಿ ತಜ್ಞರು ಅಂದಾಜುಮಾಡಿದ್ದಾರೆ. ಈಗ ಅಕ್ಷರಾಭ್ಯಾಸ ಮಾಡುತ್ತಿರುವ ಮಕ್ಕಳು ಆ ಹೊತ್ತಿಗೆ ಐವತ್ತರ ಸಮೀಪದಲ್ಲಿರುವರು.